ಸುಡದ ಕೈ

ಬಾಗಿಲಜ್ಜಿಯ ಕೋಲು ಚಿಕ್ಕಮ್ಮನ ಹಾಸಿಗೆಯ ಮೇಲಿತ್ತು.

ಯಾರೋ ಎಸೆದು ಹೋದ ಹಾಗಿರಲಿಲ್ಲ. ಹಿಡಿಯನ್ನು ದಿಂಬಿನ ಮೇಲಿಟ್ಟು, ಮಗುವನ್ನು ಮಲಗಿಸುವಂತೆ ಅಚ್ಚುಕಟ್ಟಾಗಿ ಮಲಗಿಸಿದ್ದರು. ಚಳಿಯಾದೀತೆಂಬಂತೆ ಹೊದಿಕೆಯನ್ನು ಮೇಲಕ್ಕೆಳೆದು ಅಂಚು ಸಿಕ್ಕಿಸಿಯೂ ಇದ್ದರು.

"ಮುಟ್ಟಬೇಡ," ಎಂದಳು ಇನ್ಸ್‌ಪೆಕ್ಟರ್.

"ಮುಟ್ಟೋಕೆ ನನಗೇನು ಹುಚ್ಚೇ?" ಎಂದಳು ಚಿಕ್ಕಮ್ಮ. ಮಾತಿನಲ್ಲಿ ಎಂದಿನ ಬಿರುಸಿತ್ತು. ಆದರೆ ಅಡುಗೆಮನೆಯ ಏಪ್ರನ್ನಿಗೆ ಕೈ ಒರೆಸಿಕೊಳ್ಳುವುದನ್ನು ಮಾತ್ರ ಅವಳು ನಿಲ್ಲಿಸಿರಲಿಲ್ಲ. ಆ ಕೈ ಯಾವಾಗಲೋ ಒಣಗಿತ್ತು.

ಮೊನ್ನೆ ಬೆಳಗ್ಗೆ ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ, ಬಂದವರನ್ನು ಬಾಗಿಲಲ್ಲಿ ಬರಮಾಡಿಕೊಳ್ಳುತ್ತಿದ್ದ ಬಾಗಿಲಜ್ಜಿಯ ಹೆಣ ಸಿಕ್ಕಾಗಿನಿಂದ ಈ ಕೋಲು ಕಾಣೆಯಾಗಿತ್ತು. ಎರಡೂ ಕಣ್ಣು ಕಾಣದ ಮುದುಕಿಗೆ ಗೋಪುರದಲ್ಲಿ ಏನು ಕೆಲಸ? ಭುಜದ ಮೇಲೆ ಬೆರಳಿನ ಗುರುತಿದೆ, ತಳ್ಳಿದ್ದಾರೆ ಎಂದು ಡಾಕ್ಟರು ಹೇಳಿದ ಮೇಲೆ, ಕಾನ್ವೆಂಟಿನ ಶತಮಾನೋತ್ಸವದ ಹೂವಿನ ಹಾರಗಳ ನಡುವೆ ಪೊಲೀಸರು ಓಡಾಡತೊಡಗಿದ್ದರು.

"ಚಿಕ್ಕಮ್ಮ, ಕೂತ್ಕೋ."

"ಎಲ್ಲಿ ಕೂರಲಿ? ಹಾಸಿಗೆ ಮೇಲೆ ಅತಿಥಿ ಮಲಗಿದೆ."

ಬೇರೆ ಹೊತ್ತಾಗಿದ್ದರೆ ಇನ್ಸ್‌ಪೆಕ್ಟರ್ ನಗುತ್ತಿದ್ದಳು. ಅಮ್ಮ ಹೋದ ಮೇಲೆ ರಜೆ ರಜೆಗೂ ಅವಳನ್ನು ಈ ಕಾನ್ವೆಂಟಿಗೆ ಕರೆಸಿಕೊಂಡು, ಜಡೆ ಹೆಣೆದು, ಲೆಕ್ಕ ಹೇಳಿಕೊಟ್ಟು, ಬೈದು ಬೆಳೆಸಿದವಳು ಇಲ್ಲಿನ ಅಡುಗೆಮನೆ ನೋಡಿಕೊಳ್ಳುವ ಈ ಚಿಕ್ಕಮ್ಮ. ಆರಡಿ ಎತ್ತರ ಬೆಳೆದು ಪೊಲೀಸ್ ಆದ ಮೇಲೂ ಅವಳನ್ನು 'ಗುಬ್ಬಿ' ಎಂದೇ ಕರೆಯುವವಳು. ಹೆದರಿಕೆಯಾದಾಗ ಚಿಕ್ಕಮ್ಮ ತಮಾಷೆ ಮಾಡುತ್ತಾಳೆ. ತಮಾಷೆ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚು. ಇದು ಗುಬ್ಬಿಗೆ ಗೊತ್ತಿತ್ತು.

"ಇದರ ಅರ್ಥ ಏನು ಗೊತ್ತಾ? ಮುಂದಿನ ಸರದಿ ನಿಂದು ಅಂತ."

"ಓದು ಬರಹ ನನಗೂ ಬರುತ್ತೆ ಗುಬ್ಬಿ."

ಕಿಟಕಿಯಾಚೆ ಅಂಗಳದಲ್ಲಿ ಸಿಸ್ಟರ್‌ಗಳು ಕುರ್ಚಿ ಜೋಡಿಸುತ್ತಿದ್ದರು. ಎಲ್ಲೆಲ್ಲಿಂದಲೋ ಬಂದವರು, ಹಿಮದ ನಾಡಿನವರು, ಮರಳುಗಾಡಿನಂಚಿನವರು, ದ್ವೀಪದವರು. ಎಲ್ಲರಿಗೂ ಒಂದೇ ಬೂದುಬಣ್ಣದ ಉಡುಪು, ಒಂದೇ ಬಿಳಿ ಶಿರವಸ್ತ್ರ. ಹಿಂದಿನಿಂದ ನೋಡಿದರೆ ಯಾರು ಯಾರೆಂದು ಅವರವರ ಹೆತ್ತ ತಾಯಿಯೂ ಹೇಳಲಾರಳು. ಸಂಜೆ ಪ್ರಾರ್ಥನಾಲಯದಲ್ಲಿ ಕೃತಜ್ಞತೆಯ ಬಲಿಪೂಜೆ, ಅಂದರೆ ಮಾಸ್. ನಾಳೆ ಬೆಳಗಾದರೆ ಎಲ್ಲರೂ ವಿಮಾನ ಹತ್ತುತ್ತಾರೆ. ಆಮೇಲೆ ಕೊಲೆಗಾರ್ತಿಯನ್ನು ಹುಡುಕುವುದೆಂದರೆ ಸಮುದ್ರಕ್ಕೆ ಬಿದ್ದ ಸೂಜಿಯನ್ನು ಹುಡುಕಿದಂತೆ.

"ಕೊನೇ ಸಲ ಕೇಳ್ತೀನಿ," ಎಂದಳು ಇನ್ಸ್‌ಪೆಕ್ಟರ್. "ಬಾಗಿಲಜ್ಜಿ ಅವತ್ತು ಊಟದ ಮನೇಲಿ ಹೇಳಿದ ಮಾತು. ಇನ್ನೊಂದು ಸಲ ಹೇಳು."

ಚಿಕ್ಕಮ್ಮ ಗೋಡೆಯ ಕಡೆ ನೋಡಿದಳು. "ಎಲ್ಲರೂ ಕೇಳಿಸ್ಕೊಂಡಿದಾರಲ್ಲ. 'ಬಂದವರೆಲ್ಲರ ಕೈನೂ ಹಿಡಿದು ಒಳಗೆ ಕರ್ಕೊಂಡೆ. ಅದರಲ್ಲಿ ಒಂದು ಕೈ ಸುಳ್ಳು. ಸುಟ್ಟ ಕಲೆ ಇರಬೇಕಾದ ಅಂಗೈ ನುಣ್ಣಗಿದೆ' ಅಂದಳು. ವಯಸ್ಸಾದವಳು ಏನೋ ಬಡಬಡಿಸ್ತಾಳೆ ಅಂತ ಎಲ್ಲ ನಕ್ಕರು."

"ಮಾರನೇ ಬೆಳಗ್ಗೆ ಸತ್ತಳು."

"ಹೂಂ."

"ಅಂದ್ರೆ ಇಲ್ಲಿ ಯಾರೋ ಒಬ್ಬರು ಬೇರೆಯವರ ಹೆಸರಲ್ಲಿ ಬಂದಿದಾರೆ. ನಾನು ಎಲ್ಲರ ಅಂಗೈನೂ ನೋಡಿಬಿಟ್ಟೆ. ಎಲ್ಲಾ ನುಣ್ಣಗೇ ಇವೆ. ಗಾಯ ಯಾರಿಗೆ ಇರಬೇಕಿತ್ತು ಅಂತಾನೇ ಗೊತ್ತಿಲ್ಲದಿದ್ರೆ ನುಣುಪು ನೋಡಿ ಏನು ಮಾಡ್ಲಿ? ನೀನು ಸಿಸ್ಟರ್ ಆಗೋಕೆ ಬಂದು ಈ ಮನೇಲೇ ಶಿಷ್ಯೆಯಾಗಿದ್ದವಳು. ಅವತ್ತಿನ ಕಾಲದಲ್ಲಿ ಕೈ ಸುಟ್ಕೊಂಡವರು ಯಾರು?"

ಏಪ್ರನ್ನಿನ ಮೇಲಿನ ಕೈ ನಿಂತಿತು.

"ನೆನಪಿಲ್ಲ," ಎಂದಳು ಚಿಕ್ಕಮ್ಮ.

ಚಿಕ್ಕಮ್ಮನಿಗೆ ಗುಬ್ಬಿಯ ಹಾಲುಹಲ್ಲು ಯಾವ ದಿನ ಬಿತ್ತೆಂಬುದು ನೆನಪಿತ್ತು. ಎಂದೋ ಸತ್ತ ಬೆಕ್ಕಿನ ಹೆಸರು ನೆನಪಿತ್ತು. ಇದೊಂದು ಮಾತ್ರ ಹೇಗೆ ಮರೆಯಿತು? ಇನ್ಸ್‌ಪೆಕ್ಟರ್ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ನೆರಳು ಬಿತ್ತು.

ದೊಡ್ಡಮ್ಮ ನಿಂತಿದ್ದರು. ಲೋಕದ ಉದ್ದಗಲಕ್ಕೂ ಹರಡಿದ ಈ ಸಿಸ್ಟರ್‌ಗಳ ಸಭೆಗೆಲ್ಲ ಮುಖ್ಯಸ್ಥೆ. ಹುಡುಗಿಯಾಗಿದ್ದಾಗ ಇದೇ ಮನೆಯಲ್ಲಿ ಶಿಷ್ಯೆಯಾಗಿದ್ದು, ದೂರದ ನಾಡಿಗೆ ಹೋಗಿ, ಅಲ್ಲಿ ಆಸ್ಪತ್ರೆಗಳನ್ನು ಕಟ್ಟಿಸಿ, ತಲೆ ನೆರೆತ ಮೇಲೆ ಮೊದಲ ಬಾರಿ ಹಿಂತಿರುಗಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಪೊಲೀಸರನ್ನು ಕರೆಸಿ, "ಹಬ್ಬ ನಿಂತರೂ ಸರಿ, ಸತ್ಯ ಗೊತ್ತಾಗಲಿ" ಎಂದವರೂ ಅವರೇ.

ಹಾಸಿಗೆಯ ಮೇಲಿನ ಕೋಲನ್ನು ಕಂಡು ದೊಡ್ಡಮ್ಮನ ಮುಖದ ಬಣ್ಣ ಇಳಿಯಿತು. ಶಿಲುಬೆಯ ಗುರುತು ಹಾಕಿಕೊಂಡರು.

"ಇವರನ್ನ ಇಲ್ಲಿ ಬಿಡೋದು ಬೇಡ," ಎಂದರು. "ಪೂಜಾಪಾತ್ರೆ ಇಡೋ ಕೋಣೆ ಇದೆಯಲ್ಲ, ಪ್ರಾರ್ಥನಾಲಯದ ಹಿಂದೆ. ಕಬ್ಬಿಣದ ಬಾಗಿಲು, ಒಂದೇ ಬೀಗ, ಕಿಟಕಿ ಇಲ್ಲ. ನಾನೂ ಜೊತೆಗೆ ಕೂತ್ಕೋತೀನಿ."

ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು. ಆ ಕೋಣೆಗಿಂತ ಭದ್ರವಾದ ಜಾಗ ಈ ಕಟ್ಟಡದಲ್ಲಿ ಬೇರೆ ಇರಲಿಲ್ಲ. ತನ್ನ ಜೊತೆ ಬಂದಿದ್ದ ಮೀಸೆ ಪೇದೆಯನ್ನು ಬಾಗಿಲಿಗೆ ಕಾವಲಿಟ್ಟು, ಬೀಗದ ಕೈಯನ್ನು ಅವನಿಗೇ ಕೊಟ್ಟಳು. ಬಾಗಿಲು ಮುಚ್ಚುವ ಮೊದಲು ಚಿಕ್ಕಮ್ಮ ತಿರುಗಿ ನೋಡಿದಳು. ಏನೋ ಹೇಳಲು ಹೊರಟವಳು ದೊಡ್ಡಮ್ಮನ ಮುಖ ನೋಡಿ ಸುಮ್ಮನಾದಳು.

"ಊಟ ಮಾಡು ಗುಬ್ಬಿ," ಎಂದಷ್ಟೇ ಹೇಳಿದಳು.

ಎಲ್ಲರ ಅಂಗೈ ನೋಡಿದ್ದೇನೆಂದು ಇನ್ಸ್‌ಪೆಕ್ಟರ್ ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಒಬ್ಬರು ತೋರಿಸಿರಲಿಲ್ಲ.

ಆಕೆ ದ್ವೀಪದ ಸಿಸ್ಟರ್. ಒಬ್ಬರೇ ಬಂದಿದ್ದರು. ಅವರ ದ್ವೀಪದಿಂದ ಬೇರೆ ಯಾರೂ ಬಂದಿರಲಿಲ್ಲ; ಅವರನ್ನು ಮೊದಲು ಕಂಡವರೂ ಇಲ್ಲಿ ಸಿಕ್ಕಿರಲಿಲ್ಲ. ಚರ್ಮದ ಕಾಯಿಲೆಯೆಂದು ಸದಾ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡೇ ಇರುತ್ತಿದ್ದರು. ಊಟಕ್ಕೂ ತೆಗೆಯುತ್ತಿರಲಿಲ್ಲ.

ಅತಿಥಿಗಳ ಕೋಣೆಯಲ್ಲಿ ಉದ್ದನೆಯ ಮೇಜು, ಎರಡು ಬೆತ್ತದ ಕುರ್ಚಿ, ಗೋಡೆಯ ಮೇಲೆ ಸಭೆಯನ್ನು ಸ್ಥಾಪಿಸಿದ ತಾಯಿಯ ದೊಡ್ಡ ಚಿತ್ರ. ಇನ್ಸ್‌ಪೆಕ್ಟರ್ ಮಾತು ದಾಖಲಾಗಲೆಂದು ಫೋನನ್ನು ಮೇಜಿನ ಮೇಲಿಟ್ಟಳು. ದ್ವೀಪದ ಸಿಸ್ಟರ್ ಎದುರಿಗೆ ಕುಳಿತು ಫೋನನ್ನೂ ನೋಡಿದರು, ಅವಳನ್ನೂ ನೋಡಿದರು. ತೆಳ್ಳನೆಯ ಜೀವ. ಕಣ್ಣು ಮಾತ್ರ ತುಂಬಾ ಶಾಂತ. ಆ ಶಾಂತಿಯೇ ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲ. ಹೆಣ ಬಿದ್ದ ಮನೆಯಲ್ಲಿ ಯಾರ ಕಣ್ಣೂ ಅಷ್ಟು ಶಾಂತವಾಗಿರಬಾರದು.

"ಕೈಗವಸು ತೆಗೀರಿ, ಸಿಸ್ಟರ್."

"ನೋವಾಗುತ್ತೆ."

"ಸ್ವಲ್ಪ ಹೊತ್ತು ಸಹಿಸ್ಕೊಳ್ಳಿ. ಸತ್ತವರಿಗೆ ಇದಕ್ಕಿಂತ ಜಾಸ್ತಿ ನೋವಾಗಿದೆ."

ದ್ವೀಪದ ಸಿಸ್ಟರ್ ನಕ್ಕರು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ ಕೈಗವಸನ್ನು ಎಳೆದರು. ಅಂಗೈಯನ್ನು ಮೇಜಿನ ಮೇಲೆ ಚಾಚಿದರು.

ಕಾಯಿಲೆಯೂ ಇಲ್ಲ, ಕಲೆಯೂ ಇಲ್ಲ. ನುಣ್ಣಗಿತ್ತು.

"ಎಲ್ಲಿ ಕಾಯಿಲೆ?" ಎಂದು ಕೇಳಿದಳು ಇನ್ಸ್‌ಪೆಕ್ಟರ್. "ಬಾಗಿಲಜ್ಜಿ ನಿಮ್ಮನ್ನ ಒಳಗೆ ಕರ್ಕೊಂಡಾಗ ಈ ಕೈಗವಸು ಹಾಕಿದ್ರಾ?"

"ಅವರ ಕೈ ಹಿಡಿಯೋವಾಗ ತೆಗೆದಿದ್ದೆ. ಕುರುಡರಿಗೆ ಬಟ್ಟೆ ಮುಟ್ಟಿಸೋದು ಅವಮಾನ."

"ಅಂದ್ರೆ ಅವರು ಹೇಳಿದ ನುಣುಪು ಕೈ ನಿಮ್ಮದೇ."

"ಇನ್ಸ್‌ಪೆಕ್ಟರ್, ನುಣುಪಾದ ಕೈ ಇದ್ದವರೆಲ್ಲ ಕೊಲೆಗಾರರಾದ್ರೆ ಮೊದಲು ನಿಮ್ಮನ್ನ ಹಿಡೀಬೇಕು." ಅವರು ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡರು. "ಕಲೆ ಯಾರಿಗಿರಬೇಕಿತ್ತು ಅಂತ ಯಾರನ್ನಾದ್ರೂ ಕೇಳಿದ್ರಾ?"

"ನೆನಪಿರೋರು ಯಾರೂ ಇಲ್ಲ."

"ಯಾರು ಹಾಗಂದಿದ್ದು?"

ಇನ್ಸ್‌ಪೆಕ್ಟರ್ ಫೋನನ್ನು ಅವರ ಕಡೆಗೆ ಇನ್ನಷ್ಟು ಸರಿಸಿದಳು.

"ನಿಮ್ಮ ಚಿಕ್ಕಮ್ಮನಾ?" ಎಂದರು ದ್ವೀಪದ ಸಿಸ್ಟರ್. ಈಗ ದನಿ ಮೃದುವಾಗಿತ್ತು. ಹುಣ್ಣಿನ ಸುತ್ತ ಸವರುವ ಬೆರಳಿನ ಹಾಗೆ. "ಅವರು ಮರೆಯೋಕೆ ಸಾಧ್ಯಾನೇ ಇಲ್ಲ. ಅವತ್ತು ಅಡುಗೆಮನೇಲಿ ಇದ್ದದ್ದೇ ನಾವು ಮೂರು ಜನ. ಕುದಿಯೋ ಎಣ್ಣೆ ಕಡಾಯಿನ ಒಲೆಯಿಂದ ಇಳಿಸ್ತಾ ಇದ್ವಿ. ಒಂದು ಕಿವಿ ನಿಮ್ಮ ಚಿಕ್ಕಮ್ಮ ಹಿಡಿದಿದ್ರು. ಅವರ ಕೈ ಜಾರಿತು. ಎಣ್ಣೆ ಚೆಲ್ಲಿದ್ದು ಇನ್ನೊಂದು ಕಿವಿ ಹಿಡಿದವಳ ಅಂಗೈ ಮೇಲೆ. ಆ ಕೂಗು ಇವತ್ತಿಗೂ ನನ್ನ ಕಿವೀಲಿದೆ. ತಾನು ಸುಟ್ಟ ಕೈನ ಯಾರು ಮರೀತಾರೆ, ಹೇಳಿ?"

ಇನ್ಸ್‌ಪೆಕ್ಟರಿಗೆ ಏಪ್ರನ್ನಿನ ಮೇಲೆ ನಿಂತುಬಿಟ್ಟ ಕೈ ಕಣ್ಣಮುಂದೆ ಬಂತು.

"ಯಾರ ಅಂಗೈ?"

ದ್ವೀಪದ ಸಿಸ್ಟರ್ ಸ್ಥಾಪಕ ತಾಯಿಯ ಚಿತ್ರವನ್ನು ನೋಡುತ್ತಾ ಹೇಳಿದರು. "ಈಗ ಆಕೆ ಈ ಸಭೆಗೆಲ್ಲ ದೊಡ್ಡಮ್ಮ."

ಎಲ್ಲರ ಅಂಗೈ ನೋಡಿದ್ದಳು. ದೊಡ್ಡಮ್ಮನ ಅಂಗೈಯನ್ನು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮನೆಯ ಯಜಮಾನಿಯನ್ನು ಯಾರು ಕಳ್ಳಿ ಎಂದು ಅನುಮಾನಿಸುತ್ತಾರೆ? ಆದರೆ ಈಗ ತಾನೇ ಅವರು ಶಿಲುಬೆಯ ಗುರುತು ಹಾಕಿಕೊಂಡಾಗ ಆ ಕೈ ಕಿಟಕಿಯ ಬೆಳಕಿಗೆ ತೆರೆದಿತ್ತು. ಆಮೇಲೆ ಅಂಗೈ ಬಿಡಿಸಿ ಚಿಕ್ಕಮ್ಮನತ್ತ ಚಾಚಿ, ಹೆಗಲು ಹಿಡಿದು ನಡೆಸಿಕೊಂಡು ಹೋದವು ಆ ಎರಡು ಕೈಗಳು. ಎರಡೂ ಬೆಣ್ಣೆಯಂತಿದ್ದವು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಮ್ಮನೇ ಸಾವಿರ ಸಲ ಹೇಳಿಕೊಟ್ಟಿದ್ದಳು. ಆ ಚಿಕ್ಕಮ್ಮನನ್ನೇ ತನ್ನ ಕೈಯಾರೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಅವರ ಜೊತೆ ಕೂಡಿಹಾಕಿ ಬಂದಿದ್ದಳು.

ಕುರ್ಚಿ ಹಿಂದಕ್ಕೆ ಬಿತ್ತು. ಇನ್ಸ್‌ಪೆಕ್ಟರ್ ಆಗಲೇ ಬಾಗಿಲ ಹೊರಗಿದ್ದಳು.

ಮೊಗಸಾಲೆಯುದ್ದಕ್ಕೂ ಸಿಸ್ಟರ್‌ಗಳು ಸಾಲಾಗಿ ಪ್ರಾರ್ಥನಾಲಯದ ಕಡೆ ಹೊರಟಿದ್ದರು. ಬೂದು ಉಡುಪು, ಬಿಳಿ ಶಿರವಸ್ತ್ರ, ಮತ್ತೆ ಬೂದು, ಮತ್ತೆ ಬಿಳಿ. ಅವಳು ನುಗ್ಗಿದಂತೆ ಯಾರೋ "ಅಯ್ಯೋ ದೇವರೇ" ಎಂದು ಗೋಡೆಗೆ ಒರಗಿದರು. ಒಂದೊಂದು ಮುಖವೂ ತಿರುಗಿ ನೋಡಿದಾಗ ಒಂದೊಂದರಲ್ಲೂ ಅವಳಿಗೆ ದೊಡ್ಡಮ್ಮನೇ ಕಾಣುತ್ತಿದ್ದರು. ಹೆದರಿದವರ ಮೇಲೆ ಹಗ್ಗ ಎಸೆದರೂ ಹಾವೇ. ಅಂಗಳಕ್ಕಿಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಪ್ರಾರ್ಥನಾಲಯದ ಹಿಂದಿನ ಕತ್ತಲ ಓಣಿ ಸೇರಿದಳು.

ಮೀಸೆ ಪೇದೆ ಸ್ಟೂಲಿನ ಮೇಲೆ ಕುಳಿತಿದ್ದ. ಅವಳನ್ನು ಕಂಡು ಧಡಕ್ಕನೆ ಎದ್ದ.

"ಒಳಗೆ ಏನಾದ್ರೂ ಸದ್ದು?"

"ಮೊದಲು ಮಾತಾಡ್ತಿದ್ರು ಮೇಡಂ. ಆಮೇಲೆ ಯಾರೋ ಅತ್ತ ಹಾಗಾಯ್ತು. ಈಗ ಏನೂ ಇಲ್ಲ."

"ಬೀಗದ ಕೈ ಕೊಡು! ನನ್ನ ಫೋನು ಅತಿಥಿಗಳ ಕೋಣೇಲಿ ಬಿಟ್ಟುಬಂದೆ. ಓಡು, ತಗೊಂಡು ಬಾ. ದ್ವೀಪದ ಸಿಸ್ಟರ್ ಅಲ್ಲೇ ಇದಾರೆ, ಅವರನ್ನ ಕದಲೋಕೆ ಬಿಡಬೇಡ. ಸಾಕ್ಷಿ ಅವರು!"

ಪೇದೆ ಓಡಿದ. ಬೀಗದ ಕೈ ಕಿಂಡಿಗೆ ಕೂರದೆ ಜಾರಿತು. ಕೊನೆಗೊಮ್ಮೆ ತಿರುಗಿತು. ಭುಜಕೊಟ್ಟು ನೂಕಿದಳು.

ಒಳಗೆ ಒಂದೇ ಬಲ್ಬು. ಗೋಡೆಗುಂಟ ಕಪಾಟುಗಳಲ್ಲಿ ಪೂಜೆಯ ಪಾತ್ರೆಗಳು, ಮೇಣದ ಬತ್ತಿಯ ಕಟ್ಟುಗಳು, ಜರಿಯಂಚಿನ ನಿಲುವಂಗಿಗಳು. ನೆಲದ ಮೇಲೆ ದೊಡ್ಡಮ್ಮ ಮಂಡಿಯೂರಿದ್ದರು. ಶಿರವಸ್ತ್ರ ಕಳಚಿ ಬೆಳ್ಳಿಕೂದಲು ಕೆದರಿತ್ತು. ಚಿಕ್ಕಮ್ಮ ಬೆಂಚಿನ ಮೇಲೆ ಕುಳಿತು ಅವರ ಕೈಗಳೆರಡನ್ನೂ ತನ್ನ ಮಡಿಲಲ್ಲಿ ಹಿಡಿದುಕೊಂಡಿದ್ದಳು. ಬದುಕಿದ್ದಳು. ಅಳುತ್ತಿದ್ದಳು.

"ಅವಳಿಂದ ದೂರ ಸರಿ, ಚಿಕ್ಕಮ್ಮ!"

"ಕಿರುಚಬೇಡ. ಬಾಗಿಲು ಮುಚ್ಚು."

"ಇವಳು ದೊಡ್ಡಮ್ಮ ಅಲ್ಲ!"

"ಗೊತ್ತು," ಎಂದಳು ಚಿಕ್ಕಮ್ಮ. "ಬಂದ ದಿನಾನೇ ಗೊತ್ತಾಯ್ತು. ನಾನು ಸುಟ್ಟ ಕೈನ ನಾನು ಗುರುತಿಸದೇ ಇರ್ತೀನಾ?"

ಇನ್ಸ್‌ಪೆಕ್ಟರ್ ಬಾಗಿಲನ್ನು ಹಿಂದಕ್ಕೆ ನೂಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಹೊರಗಿನ ಕೊಲೆಗಾರರನ್ನು ಹಿಡಿಯುವುದು ಅವಳಿಗೆ ಗೊತ್ತಿತ್ತು. ಜಡೆ ಹೆಣೆದ ಕೈ ತನ್ನೆದುರು ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ಮತ್ತೆ ನನಗ್ಯಾಕೆ ಸುಳ್ಳು ಹೇಳಿದೆ? ಬಾಗಿಲಜ್ಜಿನ ಕೊಂದವಳನ್ನ ಬಚ್ಚಿಟ್ಯಾ?"

"ನಾನು ಕೊಂದಿಲ್ಲ," ಎಂದರು ದೊಡ್ಡಮ್ಮ. ಆ ದೊಡ್ಡ ದನಿ ಈಗ ಹರಿದ ಬಟ್ಟೆಯಂತಿತ್ತು. "ಕೈ ಸುಟ್ಟ ಆ ಸಿಸ್ಟರ್ ಹೋಗಿದ್ದ ನಾಡಲ್ಲಿ, ಅವಳ ಆಸ್ಪತ್ರೇಲಿ ನಾನು ನರ್ಸ್ ಆಗಿದ್ದೆ. ಗಲಭೆ ಶುರುವಾಯ್ತು, ಆಸ್ಪತ್ರೆಗೆ ಬೆಂಕಿ ಇಟ್ಟರು. ಆ ಸಿಸ್ಟರ್ ಒಳಗೇ ಉಳಿದಳು. ಸತ್ತಳು ಅಂದ್ಕೊಂಡೆ. ಗಡಿ ದಾಟೋಕೆ, ಹೊರಗೆ ಒಣಗ್ತಿದ್ದ ಅವಳ ಉಡುಪು ಹಾಕ್ಕೊಂಡೆ, ಅವಳ ಹೆಸರು ಹೇಳಿದೆ. ಆಚೆ ದಡದಲ್ಲಿ ಎಲ್ಲರೂ ಸಿಸ್ಟರ್ ಅಂತ ಕರೆದರು. ಗಾಯಾಳುಗಳು ಬಂದು ಬಂದು ಬಿದ್ದರು. ಕೆಲಸ ಮುಗೀಲಿಲ್ಲ. ಹೆಸರು ಕಳಚೋಕೂ ಆಗಲಿಲ್ಲ."

"ಹೆಸರು ಸುಳ್ಳು ಗುಬ್ಬಿ, ಮಾಡಿದ ಕೆಲಸ ಸುಳ್ಳಲ್ಲ," ಎಂದಳು ಚಿಕ್ಕಮ್ಮ. "ಹಬ್ಬ ಮುಗಿದ ಮೇಲೆ ಎಲ್ಲರ ಮುಂದೆ ಒಪ್ಕೋತೀನಿ ಅಂತ ಮಾತು ಕೊಟ್ಟಿದ್ಲು. ಅದಕ್ಕೇ ಸುಮ್ಮನಿದ್ದೆ. ಬಾಗಿಲಜ್ಜಿ ಸತ್ತ ಹೊತ್ತಲ್ಲಿ ಇವಳು ನನ್ನ ಅಡುಗೆಮನೇಲಿ ನನ್ನ ಎದುರಿಗೇ ಕೂತಿದ್ಲು. ಅದನ್ನ ಹೇಳಿದ್ರೆ ಮಿಕ್ಕಿದ್ದೆಲ್ಲ ಹೇಳಬೇಕಾಗ್ತಿತ್ತು."

"ಹಾಗಾದ್ರೆ ಮುದುಕಿನ ತಳ್ಳಿದ್ದು ಯಾರು? ಬೇರೆ ಯಾರಿಗೆ ಬೇಕಿತ್ತು ಅದು?"

ಚಿಕ್ಕಮ್ಮ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಇವಳ ವಿಷಯ ನಿನಗೆ ಯಾರು ಹೇಳಿದ್ದು?"

"ದ್ವೀಪದ ಸಿಸ್ಟರ್. ಅವತ್ತು ಅಡುಗೆಮನೇಲಿ ನೀವು ಮೂರು ಜನ ಇದ್ರಂತೆ. ಕಡಾಯಿ ಜಾರಿದ್ದು ಎಲ್ಲಾ ಹೇಳಿದ್ರು."

"ಮೂರು ಜನಾನಾ?" ಚಿಕ್ಕಮ್ಮನ ದನಿ ಇದ್ದಕ್ಕಿದ್ದಂತೆ ಕೆಳಗಿಳಿಯಿತು. "ಗುಬ್ಬಿ, ಅವತ್ತು ಅಡುಗೆಮನೇಲಿ ಇದ್ದದ್ದು ಇಬ್ಬರೇ. ನಾನು ಮತ್ತು ಕೈ ಸುಟ್ಕೊಂಡವಳು. ಕಡಾಯಿ ನನ್ನ ಕೈಯಿಂದ ಜಾರಿದ್ದು ಅಂತ ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ನನ್ನನ್ನ ಮನೆಗೆ ಕಳಿಸಿಬಿಡ್ತಾರೆ ಅಂತ, ತಾನೇ ಬೀಳಿಸಿಕೊಂಡೆ ಅಂತ ಎಲ್ಲರಿಗೂ ಹೇಳಿದ್ಲು ಅವಳು."

ದೊಡ್ಡಮ್ಮ ಮಂಡಿಯ ಮೇಲೇ ಹಿಂದಕ್ಕೆ ಸರಿದು ಗೋಡೆಗೆ ತಾಗಿದರು. "ಅವಳು ಬದುಕಿದಾಳೆ," ಎಂದರು.

"ಆ ದ್ವೀಪದವಳ ಕೈ ನೋಡಿದ್ಯಾ?" ಎಂದಳು ಚಿಕ್ಕಮ್ಮ.

"ನೋಡಿದೆ. ನುಣ್ಣಗಿತ್ತು."

"ಯಾವ ಕೈ?"

"ಬಲಗೈ."

"ಸುಟ್ಟಿದ್ದು ಎಡಗೈ! ಅದನ್ನ ಬಾಗಿಲಜ್ಜಿನೂ ಮುಟ್ಟಿ ಗುರುತಿಸಿರಬೇಕು!"

ಇನ್ಸ್‌ಪೆಕ್ಟರ್ ಗರಕ್ಕನೆ ತಿರುಗಿದಳು. ಅವಳ ಕೈ ಬಾಗಿಲಿನ ಹಿಡಿಯನ್ನು ಮುಟ್ಟುವುದಕ್ಕೂ, ಹೊರಗೆ ಕಿಂಡಿಯಲ್ಲೇ ಅವಳು ಬಿಟ್ಟುಬಂದ ಬೀಗದ ಕೈ ತಿರುಗುವುದಕ್ಕೂ ಸರಿಹೋಯಿತು.

ಕಟಕ್.

ಗುದ್ದಿದಳು. ಒದ್ದಳು. ಕಬ್ಬಿಣ ಅಲುಗಲಿಲ್ಲ. ಪೇದೆಯನ್ನು ಕೂಗಿದಳು. ಅದೇ ಕ್ಷಣ ಗೋಡೆಯಾಚೆ ಆರ್ಗನ್ ಮೊಳಗಿತು. ಲೋಕದ ಮೂಲೆಮೂಲೆಯಿಂದ ಬಂದ ಸಿಸ್ಟರ್‌ಗಳೆಲ್ಲ ಒಟ್ಟಿಗೆ ಎದ್ದುನಿಂತು ಕೃತಜ್ಞತೆಯ ಹಾಡು ಹಿಡಿದರು. ಅವಳ ಕೂಗು ಅದರಲ್ಲಿ ಎಲ್ಲೋ ಮುಳುಗಿಹೋಯಿತು.

"ಗುಬ್ಬಿ," ಎಂದಳು ಚಿಕ್ಕಮ್ಮ. "ನಿನ್ನ ಕಾಲ ಹತ್ತಿರ."

ಬಾಗಿಲಡಿಯ ಸಂದಿನಿಂದ ಏನೋ ಒಳಕ್ಕೆ ಹರಿದು ಬರುತ್ತಿತ್ತು. ತೆಳ್ಳಗೆ, ಹೊಳೆಯುತ್ತಾ, ನಿಧಾನವಾಗಿ, ಮೇಣದ ಬತ್ತಿಗಳ ಕಟ್ಟಿನ ಕಡೆಗೆ. ಇನ್ಸ್‌ಪೆಕ್ಟರ್ ಬಗ್ಗಿ ಬೆರಳಿಟ್ಟು ಮೂಸಿದಳು. ಸೀಮೆಎಣ್ಣೆ.

ಅವಳು ನೆಲಕ್ಕೆ ಕೆನ್ನೆಯಿಟ್ಟು ಸಂದಿನಲ್ಲಿ ನೋಡಿದಳು. ಎರಡು ಕಪ್ಪು ಬೂಟುಗಳು ನಿಂತಿದ್ದವು. ಅವುಗಳ ಪಕ್ಕದಲ್ಲಿ ಒಂದು ಬಿಳಿ ಹತ್ತಿಯ ಕೈಗವಸು ಕಳಚಿ ಬಿತ್ತು.

"ಸಿಸ್ಟರ್!" ಎಂದು ಕೂಗಿದಳು. "ನನ್ನ ಚಿಕ್ಕಮ್ಮ ಒಳಗಿದಾಳೆ! ಅವಳು ನಿಮಗೇನು ಮಾಡಿದಾಳೆ?"

ಹೊರಗಿನಿಂದ ಉತ್ತರ ಬಂತು. ಶಾಂತವಾಗಿ, ತೀರ ಹತ್ತಿರದಿಂದ, ಆಕೆಯೂ ಬಗ್ಗಿ ಸಂದಿಗೆ ಬಾಯಿಟ್ಟ ಹಾಗೆ.

"ಅವಳನ್ನೇ ಕೇಳಿ. ಕಡಾಯಿ ನಿಜವಾಗಲೂ ಜಾರಿತಾ ಅಂತ."

ಇನ್ಸ್‌ಪೆಕ್ಟರ್ ತಿರುಗಿ ನೋಡಿದಳು. ಚಿಕ್ಕಮ್ಮ ಮುಖ ಮುಚ್ಚಿಕೊಂಡಿದ್ದಳು.

ಬಾಗಿಲಾಚೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಅದು ಹೊತ್ತಿಕೊಳ್ಳಲಿಲ್ಲ. ಪೆಟ್ಟಿಗೆ ತೆರೆದು ಇನ್ನೊಂದು ಕಡ್ಡಿ ಆರಿಸುವ ಸದ್ದು ಕೇಳಿಸಿತು.